ಗುಜರಿಯಾಗದ ಹಂಡೆ

“ಆಯ್ತದೆ ಅಂತ ಯಾಕಂದೆ? ಯಾರು ಹೇಳ್ಕೊಟ್ರು ಆ ಮಾತ?”

“ಆ ಆಫೀಸರಮ್ಮ ಕೇಳ್ತು, ನಾನು ಹೇಳ್ದೆ. ಕೇಳೋರ ಮುಂದೆ ನನ್ನ ತಂದು ನಿಲ್ಸಿದೋನು ನೀನು.”

“ಕೇಳಿದ್ರೆ ಆಗಕ್ಕಿಲ್ಲ ಅನ್ನು ಅಂತ ಬೆಳಗ್ಗೆಯಿಂದ ಬಡ್ಕೊಂಡಿವ್ನಿ ಭಾವ.”

“ನೀನು ಬಡ್ಕೊಂಡಿದ್ದು ಚೆನ್ನಾಗೇ ಕೇಳುಸ್ತು. ಆದ್ರೆ ಅದು ಆಯ್ತದಲ್ಲ, ಏನು ಮಾಡ್ಲಿ?”

ಮುಕರ್ರಂ ಕೈಲಿದ್ದ ಸುತ್ತಿಗೆಯನ್ನು ಬೀಸಿ ಎಸೆದ. ಅದು ಹಳೇ ಮೋಟಾರಿನ ತಂತಿಯ ರಾಶಿಯ ಮೇಲೆ ಬಿದ್ದು, ಸದ್ದೇ ಮಾಡದೆ ಒಳಗೆ ಹೂತುಕೊಂಡಿತು. ಸದ್ದಾಗದಿದ್ದುದಕ್ಕೆ ಅವನ ಸಿಟ್ಟು ಇನ್ನಷ್ಟು ಏರಿತು. ಜಗಳ ಶುರುವಾಗಿದ್ದು ಉರ್ದುವಿನಲ್ಲಿ. ಮನೆಯ ಮಾತು ಮನೆಯ ಭಾಷೆಯಲ್ಲೇ ಇರಲಿ ಎಂದು ಮೊದಲು ಇಬ್ಬರೂ ಗಂಟಲು ತಗ್ಗಿಸಿಯೇ ಕಿತ್ತಾಡಿದ್ದರು. ಆಮೇಲೆ, ತಪ್ಪು ಯಾರದು ಅನ್ನುವುದು ಲೋಡು ಮಾಡುವವರಿಗೂ ತಿಳಿಯಲಿ ಎಂದು ಶಫೀವುಲ್ಲಾನೇ ಕನ್ನಡಕ್ಕೆ ತಂದಿದ್ದ. ಈಗ ಯಾರ್ಡಿನಲ್ಲಿದ್ದ ಅಷ್ಟೂ ಜನ ಕೈಕೆಲಸ ಬಿಟ್ಟು ನಿಂತಿದ್ದರು.

ಶಫೀವುಲ್ಲಾ ಮದ್ದೂರಿನ ಪೇಟೆ ಬೀದಿಯಲ್ಲಿ ತಾಮ್ರ ಹಿತ್ತಾಳೆ ಪಾತ್ರೆ ರಿಪೇರಿ ಮಾಡುವವನು. ಅವನಪ್ಪನೂ ಅದೇ ಅಂಗಡಿಯಲ್ಲಿ, ಅದೇ ಮೂಲೆಯಲ್ಲಿ ಕೂತು ಕಲಾಯಿ ಹಾಕಿ, ತೇಪೆ ಹಚ್ಚಿ ಸತ್ತವನು. ಐವತ್ತು ದಾಟಿದ ಶಫೀವುಲ್ಲಾನಿಗೆ ಬೀದಿಯಲ್ಲಿ ಎರಡು ಹೆಸರಿತ್ತು. ಒಂದು, ಆಗಕ್ಕಿಲ್ಲ ಅಂತ ಯಾವ ಪಾತ್ರೆಯನ್ನೂ ವಾಪಸ್ಸು ಕಳಿಸಿದವನಲ್ಲ ಎಂದು. ಇನ್ನೊಂದು, ಬಾಯಿ ಸರಿಯಿಲ್ಲ ಎಂದು. ಕೆ.ಎಂ. ದೊಡ್ಡಿಯಿಂದ, ಮಳವಳ್ಳಿಯಿಂದ, ಹನಕೆರೆಯಿಂದ ಹೆಂಗಸರು ತಲೆಯ ಮೇಲೆ ಹಂಡೆ ಹೊತ್ತು ಬಂದು, ಬೇರೆ ಕಡೆ ಆಗಲ್ಲ ಅಂದ್ರು ಸಾಬ್ರೇ ಅಂದರೆ, ಅವನು ಮೊದಲು ಆ ಬೇರೆ ಕಡೆಯವನನ್ನು ಬೈದು, ಆಮೇಲೆ ಹಂಡೆಯ ತಳ ಒಡೆಯುವಷ್ಟು ಬೆಂಕಿ ಹಾಕಿದ್ದಕ್ಕೆ ಅವರನ್ನೂ ಬೈದು, ಕೊನೆಗೆ ಹಂಡೆ ಇಳಿಸಿಕೊಳ್ಳುತ್ತಿದ್ದ.

ಮುಕರ್ರಂ ಅವನ ಹೆಂಡತಿ ಸುರಯ್ಯಾಳ ತಮ್ಮ. ನಿಡಘಟ್ಟದ ಹತ್ತಿರ ಸರ್ವಿಸ್ ರಸ್ತೆಯ ಪಕ್ಕ ಗುಜರಿ ಯಾರ್ಡು ಇಟ್ಟಿದ್ದ. ಮಾತು ಮೆತ್ತಗೆ, ಆಸೆ ದೊಡ್ಡದು. ಇಷ್ಟು ವರ್ಷ ಅವನು ಗುಡ್ಡೆ ಹಾಕಿದ ತಾಮ್ರವನ್ನು ಬೆಂಗಳೂರಿನ ದೊಡ್ಡ ವ್ಯಾಪಾರಿಗಳು ಒಯ್ದು, ತಮ್ಮ ಹೆಸರಲ್ಲಿ ಹೊರದೇಶಕ್ಕೆ ಕಳಿಸುತ್ತಿದ್ದರು. ನಡುವಿನವರು ಯಾಕೆ ಬೇಕು, ನಾನೇ ಕಳಿಸುತ್ತೇನೆ ಎಂದು ಈ ಸಲ ಕೊರಿಯಾದ ಒಬ್ಬ ಗಿರಾಕಿಯನ್ನು ಹಿಡಿದಿದ್ದ. ಮೂರು ತಾಲ್ಲೂಕುಗಳ ಪಂಪ್‌ಸೆಟ್ಟುಗಳಲ್ಲಿ ಸುಟ್ಟುಹೋದ ಮೋಟಾರುಗಳ ತಂತಿಯೇ ಸರಕಿನ ಬಹುಪಾಲು. ಉಳಿದದ್ದು ಹಂಡೆಗಳು. ಊರೂರಲ್ಲಿ ಮನೆಯ ಮೇಲೆ ಸೋಲಾರ್ ಬಂದ ಮೇಲೆ ಬಚ್ಚಲೊಲೆ ಕಿತ್ತು ಟೈಲ್ಸ್ ಹಾಕಿಸಿದರು. ಬಚ್ಚಲಿನ ಹಂಡೆಗಳೆಲ್ಲ ಮುಕರ್ರಂನ ಟೆಂಪೋ ಹತ್ತಿದವು.

ಆ ಹಂಡೆಗಳಿಂದಲೇ ಎಡವಟ್ಟಾಗಿದ್ದು.

ಹಂಡೆ ಮಾರುವ ಮನೆಯ ಹೆಂಗಸು ಅದನ್ನು ಸುಮ್ಮನೆ ಎತ್ತಿ ಕೊಡುವುದಿಲ್ಲ. ತೊಳೆದು, ಒಂದು ಚೊಂಬು ನೀರು ಹೊಯ್ದು ಚೆಲ್ಲಿ, ಕುಂಕುಮ ಇಟ್ಟು, ನನ್ನ ಕಣ್ಣೆದುರಿಗೆ ಮಾತ್ರ ಒಡೀಬೇಡ ಕಣಪ್ಪ ಅನ್ನುತ್ತಾಳೆ. ಬಾಣಂತಿಗೆ, ಕೂಸಿಗೆ ನೀರು ಕಾಯಿಸಿದ ಹಂಡೆ. ಬೀದಿಯಲ್ಲಿ ಸುತ್ತಿಗೆ ಏಟು ಕೇಳಿಸಿದರೆ ಪಕ್ಕದ ಮನೆಯವರು ಹಂಡೆ ಒಳಗಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಹಾಗಾಗಿ ಮುಕರ್ರಂನ ಟೆಂಪೋದಲ್ಲಿ ಹಂಡೆ ಹಂಡೆಯಾಗಿಯೇ ಬರುತ್ತಿತ್ತು. ಯಾರ್ಡಿನಲ್ಲಿ ಸರಕು ಬೇರ್ಪಡಿಸುವ ಮಾಯಮ್ಮನ ಕಡೆಯ ಹೆಂಗಸರೂ ನಿಡಘಟ್ಟದವರೇ. ತಂತಿ ಸುಲಿಯುತ್ತಾರೆ, ಕೊಳಾಯಿ ಜಜ್ಜುತ್ತಾರೆ, ಹಂಡೆಗೆ ಮಾತ್ರ ಸುತ್ತಿಗೆ ಎತ್ತುವುದಿಲ್ಲ. ಬೆಂಗಳೂರಿನ ವ್ಯಾಪಾರಿಗಳ ಹತ್ತಿರ ಒತ್ತುವ ಯಂತ್ರ ಇದ್ದುದರಿಂದ ಇಲ್ಲಿ ಯಾರೂ ಒಡೆಯುವ ಅಗತ್ಯವೇ ಬಿದ್ದಿರಲಿಲ್ಲ. ಹೇಗಿದ್ದರೂ ಕರಗೋದು ತಾನೇ ಎಂದು ಮುಕರ್ರಂ ತನ್ನ ಮೊದಲ ಕಂಟೈನರಿಗೆ ಹಂಡೆಗಳನ್ನು ಇಡಿಯಾಗಿ, ಒಂದರ ಪಕ್ಕ ಒಂದು ಒಪ್ಪವಾಗಿ ಜೋಡಿಸಿ ಕಳಿಸಿಬಿಟ್ಟ.

ಬೆಂಗಳೂರಿನ ಕಸ್ಟಮ್ಸ್‌ನವರು ಕಂಟೈನರಿನ ಬಾಗಿಲು ತೆಗೆದರೆ ಮುಂದೆಯೇ ಹಂಡೆಗಳ ಸಾಲು, ಕೆಲವಕ್ಕೆ ಕುಂಕುಮ ಬೇರೆ. ಕಾಗದದಲ್ಲಿ ತಾಮ್ರದ ಗುಜರಿ ಎಂದಿದೆ, ಒಳಗೆ ಪಾತ್ರೆ ಅಂಗಡಿ ಇದೆ ಎಂದು ಕಂಟೈನರನ್ನು ವಾಪಸ್ಸು ಕಳಿಸಿದರು. ಮತ್ತೆ ತುಂಬುವುದಾದರೆ ತಮ್ಮ ಅಧಿಕಾರಿಯ ಎದುರಿಗೇ ತುಂಬಬೇಕು ಎಂದರು.

ಮುಕರ್ರಂನ ಕಾಗದಪತ್ರ ನೋಡಿಕೊಳ್ಳುತ್ತಿದ್ದವನು ಕೊತ್ತತ್ತಿಯ ಸಂತೋಷ್ ಎಂಬ ಏಜೆಂಟು. ಅವನು ಯಾರ್ಡಿಗೆ ಬಂದು ಎಲ್ಲರನ್ನೂ ಕೂರಿಸಿಕೊಂಡು ಕಾನೂನು ಹೇಳಿದ್ದ. ಪ್ರಪಂಚದ ಯಾವ ಬಂದರಿಗೆ ಹೋದರೂ ಪ್ರತಿ ಸರಕಿಗೆ ಒಂದು ನಂಬರು. ತಾಮ್ರದ ಗುಜರಿಗೆ ಒಂದು, ತಾಮ್ರದ ಪಾತ್ರೆಗೆ ಇನ್ನೊಂದು. ಒಂದರ ಹೆಸರಲ್ಲಿ ಇನ್ನೊಂದು ಹೋಗುವ ಹಾಗಿಲ್ಲ. ಗುಜರಿ ಅನ್ನಿಸಿಕೊಳ್ಳಬೇಕಾದರೆ ಆ ವಸ್ತು ಒಡೆದೋ, ಸವೆದೋ, ತುಂಡಾಗಿಯೋ ಇನ್ನು ಮುಂದೆ ಆ ಕೆಲಸಕ್ಕೆ ಬರಬಾರದು. ರಿಪೇರಿ ಮಾಡಿ ಬಳಸಬಹುದು ಅಂತಿದ್ದರೂ ಅದು ಗುಜರಿಯಲ್ಲ. ಬೇರೆ ಯಾವುದಾದರೂ ಕೆಲಸಕ್ಕೆ ಒಗ್ಗಿಸಿಕೊಳ್ಳಬಹುದು ಅಂತಿದ್ದರೂ ಅಲ್ಲ.

“ಅಂದ್ರೆ ಸತ್ತಿರ್ಬೇಕು ಅನ್ನು,” ಎಂದಿದ್ದಳು ಮಾಯಮ್ಮ.

“ಹೂಂ ಕಣಕ್ಕ, ಸತ್ತಿರ್ಬೇಕು,” ಎಂದಿದ್ದ ಸಂತೋಷ್.

ಅಧಿಕಾರಿಯಾಗಿ ಬಂದವಳು ವೀಣ. ಮೂವತ್ತೈದರ ಆಸುಪಾಸು, ಮೈಸೂರಿನ ಕಡೆಯವಳು. ಜಂಬವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಬೆಳಗ್ಗೆ ಬಂದವಳೇ ತಂತಿಯ ರಾಶಿಯನ್ನೆಲ್ಲ ಕೆದಕಿಸಿ ನೋಡಿ ಒಪ್ಪಿಕೊಂಡಳು. ಹಂಡೆಗಳ ಹತ್ತಿರ ನಿಂತಳು. ಮುಕರ್ರಂ ತಾನೇ ಒಂದು ಹಂಡೆಯ ತಳಕ್ಕೆ ಸುತ್ತಿಗೆಯಿಂದ ಬಡಿದು ತೂತು ಕೆಡವಿ, ಇನ್ನು ಇದರಲ್ಲಿ ನೀರು ನಿಲ್ಲಲ್ಲ ಮೇಡಂ, ಎಲ್ಲವನ್ನೂ ಹೀಗೇ ಮಾಡಿಬಿಡುತ್ತೇನೆ ಎಂದ. ನನಗೆ ಪಾತ್ರೆ ಕೆಲಸ ಗೊತ್ತಿಲ್ಲ, ಬಲ್ಲವರನ್ನು ಯಾರನ್ನಾದರೂ ಕೇಳಬೇಕು ಎಂದಳು ಅವಳು. ಮುಕರ್ರಂ ಹೆಮ್ಮೆಯಿಂದ ಭಾವನನ್ನು ಮುಂದೆ ತಳ್ಳಿದ. ಇಡೀ ಮದ್ದೂರಿಗೆ ಇವರೊಬ್ಬರೇ, ಇವರು ಹೇಳಿದರೆ ಮುಗಿಯಿತು ಅಂದ. ಇದನ್ನು ರಿಪೇರಿ ಮಾಡಿದರೆ ಮತ್ತೆ ಹಂಡೆಯಾಗಿ ಬಳಸಬಹುದಾ ಎಂದು ಅವಳು ಕೇಳಿದಳು. ಶಫೀವುಲ್ಲಾ ತೂತಿಗೆ ಬೆರಳು ಹಾಕಿ ಒಂದು ಸುತ್ತು ತಿರುಗಿಸಿ, ಆಯ್ತದೆ ಅಂದುಬಿಟ್ಟ. ವೀಣ ತಲೆಯಾಡಿಸಿ, ಸಂತೋಷನನ್ನು ಕರೆದುಕೊಂಡು ಆಫೀಸಿನ ಕೋಣೆಗೆ ಹೋದಳು. ಅವರು ಅತ್ತ ಹೋದದ್ದೇ ತಡ, ಇತ್ತ ಜಗಳ ಹತ್ತಿಕೊಂಡಿತ್ತು.

“ಹಡಗು ಶುಕ್ರವಾರ ಹೊಂಡ್ತದೆ,” ಎಂದ ಮುಕರ್ರಂ. ದನಿ ತಗ್ಗಿಸಿದರೆ ಅವನು ಹೆಚ್ಚು ಅಪಾಯದವನು. “ಈ ಮೊದಲನೇ ಸರಕು ಓಗದೇ ಇದ್ರೆ ಆ ಕೊರಿಯಾದೋನು ನನ್ನ ಕಡೆ ತಿರುಗಿ ನೋಡಕ್ಕಿಲ್ಲ. ನಿಂಗೆ ಒಂದು ಮಾತು. ನಂಗೆ ಯಾರ್ಡು.”

“ಹಂಡೆ ಇಡಿಯಾಗಿ ತುಂಬ್ದೋನು ನೀನು. ನಾನು ತುಂಬ್ದೆನಾ?”

“ಭಾವ, ಮುಂದಿನ ತಿಂಗಳು ಎಲ್ಲಿ ಕೂತ್ಕತೀಯ, ಅದ್ನ ಹೇಳು.”

ಪೇಟೆ ಬೀದಿಯ ಅಂಗಡಿ ಸಾಲನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟಿಸುತ್ತೇನೆ, ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಮಾಲೀಕ ಶಫೀವುಲ್ಲಾನಿಗೆ ಹೇಳಿಯಾಗಿತ್ತು. ಅಕ್ಕಪಕ್ಕದವರೆಲ್ಲ ಆಗಲೇ ಹೋಗಿದ್ದರು. ತಿದಿ, ಇದ್ದಿಲು, ಹೊಗೆ ಅಂದರೆ ಊರೊಳಗೆ ಯಾರೂ ಬಾಡಿಗೆಗೆ ಜಾಗ ಕೊಡುವುದಿಲ್ಲ. ಯಾರ್ಡಿನಲ್ಲಿ ಒಂದು ಶೆಡ್ಡು ಬಿಟ್ಟುಕೊಡುತ್ತೇನೆ, ತಾಮ್ರದ ಸರಕಿಗೆಲ್ಲ ನೀನೇ ಮೇಸ್ತ್ರಿ, ಸಾಯುವ ತನಕ ಕೂತು ಉಣ್ಣು ಎಂದು ಮುಕರ್ರಂ ಹೇಳಿದ್ದ. ಹೇಳಿದ್ದು ತಮಾಷೆಗಲ್ಲ. ಶೆಡ್ಡಿಗೆ ಹೊಸ ಶೀಟು ಹಾಕಿಸಿ, ಒಲೆಗೆ ಗುಂಡಿಯನ್ನೂ ತೋಡಿಸಿದ್ದ. ಭಾವ ಕೂತರೂ ನಿಂತರೂ ಬೈಯುವವನು ಎಂದು ಗೊತ್ತಿದ್ದೂ ಕರೆದಿದ್ದ.

ಶಫೀವುಲ್ಲಾ ಹೊಂಗೆ ಮರದ ಕೆಳಗೆ ಹೋಗಿ ಕೂತ.

ಮಧ್ಯಾಹ್ನದ ಹೊತ್ತಿಗೆ ಸುರಯ್ಯಾ ಆಟೋ ಮಾಡಿಕೊಂಡು ಮದ್ದೂರಿನಿಂದ ಬಂದಳು. ತಮ್ಮ ಫೋನು ಮಾಡಿ ಅತ್ತಂತೆ ಮಾತಾಡಿದನಂತೆ. ಅವಳು ಜಗಳ ತೆಗೆಯಲಿಲ್ಲ. ಗಂಡನ ಪಕ್ಕ ಕಲ್ಲಿನ ಮೇಲೆ ಕೂತು, ಬುರ್ಖಾದ ಅಂಚಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. ನಿನ್ನ ಬಾಯಿಯ ಜೊತೆ ನಾನು ಇಷ್ಟು ವರ್ಷ ಬಾಳಿದ್ದೇನೆ, ಯಾವತ್ತೂ ಅದಕ್ಕೆ ಅಡ್ಡ ಬಂದವಳಲ್ಲ ಅಂದಳು. ನೀನು ಮಸೀದಿ ನೋಡಿಕೊಳ್ಳುವ ಮುತವಲ್ಲಿಯನ್ನು ಬೈದೆ, ನಾನು ಸುಮ್ಮನಿದ್ದೆ. ಮಗಳ ಮಾವನನ್ನು ಪಂಗತಿಯಲ್ಲಿ ಬೈದೆ, ಸುಮ್ಮನಿದ್ದೆ. ಇವತ್ತು ಒಂದು ದಿನ ನಾನು ಕೇಳಿದ ಮಾತು ಹೇಳು. ಆ ಹಂಡೆಗಳು ಇನ್ನು ಯಾರ ಮನೆಗೂ ವಾಪಸ್ಸು ಹೋಗುವುದಿಲ್ಲ. ನೀನು ಆಗುತ್ತೆ ಅಂದರೂ ಹೋಗಲ್ಲ, ಆಗಲ್ಲ ಅಂದರೂ ಹೋಗಲ್ಲ. ನೀನು ಕೂರುವ ಜಾಗ ಮಾತ್ರ ಹೋಗುತ್ತೆ.

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಅವನು ನೋಡಿದ. ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದಿದ್ದರೆ ಹಗುರಾಗುತ್ತಿತ್ತು.

“ಆಯ್ತು, ಅಂತೀನಿ,” ಎಂದ.

“ಏನಂತೀಯ?”

“ಆಗಕ್ಕಿಲ್ಲ ಅಂತೀನಿ. ಸಾಕಾ?”

ಅವಳು ನಂಬಿದಳು. ಅವನೂ ನಂಬಿದ. ಕೈಕಾಲು ಮುಖ ತೊಳೆಯಲು ನಲ್ಲಿಯ ಹತ್ತಿರ ಹೋದವನು ಒಂದು ಸಲ ಹೇಳಿ ನೋಡಿಕೊಂಡ. ಆಗಕ್ಕಿಲ್ಲ. ನಾಲಗೆಗೆ ಏನೂ ಅಡ್ಡ ಬರಲಿಲ್ಲ, ಎಲ್ಲರೂ ದಿನಾ ಆಡುವ ಮಾತು. ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದ. ಕೊಡಕ್ಕೆ ನೀರು ಹಿಡಿಯುತ್ತಿದ್ದ ಮಾಯಮ್ಮ ತಿರುಗಿ ನೋಡಿ, ಏನು ಆಗಕ್ಕಿಲ್ಲ ಸಾಬ್ರೇ ಎಂದು ಕೇಳಿದಳು. ನಿನ್ನ ಕೆಲಸ ನೋಡಮ್ಮ ಅಂದ.

ಊಟವಾದ ಮೇಲೆ ಮುಕರ್ರಂ ಹೊಸ ದಾರಿ ಹುಡುಕಿದ. ತೂತು ಸಾಲದು, ಹಂಡೆ ಕಣ್ಣಿಗೂ ಹಂಡೆಯಂತೆ ಕಾಣಬಾರದು ಎಂದು ಒಂದನ್ನು ನೆಲಕ್ಕೆ ಉರುಳಿಸಿ, ಯಾರ್ಡಿನ ಜೆಸಿಬಿಯ ಚಕ್ರ ಹತ್ತಿಸಿದ. ಅದು ಒಂದು ಸಲ ಢಬ್ಬೆಂದು ಸದ್ದು ಮಾಡಿ ರೊಟ್ಟಿಯಂತೆ ಚಪ್ಪಟೆಯಾಯಿತು. ಮಾಯಮ್ಮನ ಕಡೆಯ ಹೆಂಗಸರು ಅತ್ತ ಮುಖ ತಿರುಗಿಸಿ ತಂತಿ ಸುಲಿಯುತ್ತಾ ಕೂತರು.

ವೀಣ ಬಂದು ನಿಂತಳು. ಸಂತೋಷ್ ಛತ್ರಿ ಹಿಡಿದ. ಸುರಯ್ಯಾ ದೂರದಲ್ಲಿ, ಆದರೆ ಗಂಡನ ಕಣ್ಣಿಗೆ ಬೀಳುವಂತೆ ನಿಂತುಕೊಂಡಳು.

ಶಫೀವುಲ್ಲಾ ಕುಕ್ಕರುಗಾಲಲ್ಲಿ ಕೂತು ಚಪ್ಪಟೆಯಾದ ಹಂಡೆಯ ಮೇಲೆ ಕೈಯಾಡಿಸಿದ. ಹೊಟ್ಟೆಯ ಪಕ್ಕ ಒಂದು ತೇಪೆ ಇತ್ತು. ಅಂಚಿಗೆ ಹಲ್ಲು ಕತ್ತರಿಸಿ, ಒಂದರೊಳಗೊಂದು ಕಚ್ಚಿಸಿ, ಬೆಸುಗೆ ಹಾಕಿದ ತೇಪೆ. ಅವನದೇ ಕೆಲಸ. ಹನಕೆರೆಯ ಯಾವುದೋ ಮನೆಯದು, ಮನೆಯ ಹೆಸರು ನೆನಪಾಗಲಿಲ್ಲ. ಜೆಸಿಬಿ ಹತ್ತಿದರೂ ಹಲ್ಲು ಬಿಟ್ಟುಕೊಂಡಿರಲಿಲ್ಲ. ಅದನ್ನು ನೋಡಿಯೂ ಅವನು ಮನಸ್ಸು ಬದಲಿಸಲಿಲ್ಲ. ಹೆಂಡತಿಗೆ ಕೊಟ್ಟ ಮಾತು ಇತ್ತು. ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

“ಈಗ ಹೇಳಿ,” ಎಂದಳು ವೀಣ. “ಇದನ್ನ ಮತ್ತೆ ಬಳಸಕ್ಕಾಗುತ್ತಾ?”

ಅವನು ಬಾಯಿ ತೆರೆದ. ಅಷ್ಟರಲ್ಲಿ ಮುಕರ್ರಂಗೆ ತಡೆಯಲಾಗಲಿಲ್ಲ. ಎಲ್ಲಿ ಮತ್ತೆ ಕೈ ತಪ್ಪುತ್ತದೋ ಎಂಬ ಭಯಕ್ಕೆ ತಾನೇ ನುಗ್ಗಿ ಮಾತಾಡಿದ.

“ಇದ್ನ ಇನ್ನ ಯಾವನ ಕೈಲೂ ಆಗಕ್ಕಿಲ್ಲ ಮೇಡಂ. ನಮ್ಮ ಭಾವನ ಕೈಲೂ ಆಗಕ್ಕಿಲ್ಲ. ಅವರಪ್ಪ ಎದ್ದು ಬಂದ್ರೂ ಆಗಕ್ಕಿಲ್ಲ.”

ಶಫೀವುಲ್ಲಾ ಹೇಳಬೇಕೆಂದಿದ್ದುದೂ ಅದೇ. ತಾನಾಗಿ ಹೇಳಿದ್ದರೆ ಅದು ಅವನ ಮಾತಾಗಿರುತ್ತಿತ್ತು. ಹೆಂಡತಿಗಾಗಿ ಹೇಳಿದೆ, ಹೊಟ್ಟೆಗಾಗಿ ಹೇಳಿದೆ ಎಂದು ಆಮೇಲೆ ತನ್ನನ್ನೇ ಬೈದುಕೊಂಡು ಸುಮ್ಮನಾಗುತ್ತಿದ್ದ. ಈಗ ಇನ್ನೊಬ್ಬ ಅದನ್ನು ಅವನ ಮುಖದ ಮುಂದೆ, ಅಷ್ಟು ಜನರ ಎದುರಿಗೆ, ಅವನಪ್ಪನನ್ನೂ ಸೇರಿಸಿ ಹೇಳಿಬಿಟ್ಟಿದ್ದ.

“ಯಾವನ್ಲಾ ಅದು ಆಗಕ್ಕಿಲ್ಲ ಅಂದೋನು?” ಎಂದ. ಸುರಯ್ಯಾ ಕಣ್ಣು ಮುಚ್ಚಿಕೊಂಡಳು. “ನೀನು ಸುತ್ತಿಗೆ ಇಡಿಯಕ್ಕೆ ಬರ್ದೇ ಇರೋನು. ನೀನು ಹೇಳ್ತೀಯ ನನ್ನ ಕೈಲಿ ಏನಾಯ್ತದೆ ಏನಾಗಕ್ಕಿಲ್ಲ ಅಂತ? ಸೋಗೆ ತಕ್ಕೊಂಡು ಬಾ.”

ಯಾರೂ ಅಲುಗಲಿಲ್ಲ. ಅವನೇ ಹೋಗಿ ಪಕ್ಕದ ಗದ್ದೆಯ ಬದುವಿನಿಂದ ಒಣಗಿದ ಕಬ್ಬಿನ ಸೋಗೆ ಒಂದು ಹೊರೆ ತಂದ. ಹಂಡೆಯ ಮೇಲೆ ಹರವಿ ಬೆಂಕಿ ಕೊಟ್ಟ. ತಾಮ್ರ ಕೆಂಪಾಗಿ ಮೆತ್ತಗಾಗುವ ತನಕ ಸೋಗೆ ಒಟ್ಟಿ, ನೀರು ಸುರಿದು, ಹಬೆ ಇಳಿಯುವ ಮೊದಲೇ ಅಂಟಿಕೊಂಡಿದ್ದ ಬಾಯಿಗೆ ಉಳಿ ತೂರಿಸಿ ಬಿಡಿಸಿದ. ಚೀಲದಿಂದ ಮರದ ಕೊಡತಿ ತೆಗೆದು ಒಳಗಿನಿಂದ ಬಡಿಯತೊಡಗಿದ. ಒಂದೇ ಜಾಗಕ್ಕೆ ಎರಡು ಏಟು ಬೀಳದಂತೆ ಸುತ್ತಲೂ ಬಡಿದುಕೊಂಡು ಹೋದ. ಹಂಡೆಯ ಹೊಟ್ಟೆ ಮೆಲ್ಲಗೆ ಎದ್ದಿತು. ಒಂದು ಗೇಣು ಎದ್ದಿತು. ತಂತಿ ಸುಲಿಯುತ್ತಿದ್ದ ಹೆಂಗಸರು ತಿರುಗಿ ನೋಡಿದರು. ವೀಣಳೂ ಬಗ್ಗಿ ನೋಡಿದಳು.

ಆಮೇಲೆ ಅದು ಸೀಳಿತು. ತೇಪೆ ಬಿಡಲಿಲ್ಲ, ತೇಪೆಯ ಪಕ್ಕದ ತೆಳು ತಾಮ್ರ ಬಿಟ್ಟಿತು. ಮೊಳದುದ್ದ ಬಾಯಿ ಬಿಟ್ಟುಕೊಂಡ ಸೀಳಿನೊಳಗಿಂದ ಅವನ ಬೆರಳುಗಳು ಆಚೆ ಕಂಡವು.

“ನೋಡಿ ಮೇಡಂ, ನೋಡಿ,” ಎಂದ ಮುಕರ್ರಂ. ಅವನ ಮುಖಕ್ಕೆ ಬೆಳಗ್ಗೆಯಿಂದ ಮೊದಲ ಸಲ ರಕ್ತ ಬಂದಿತ್ತು.

“ಸೀಳಿದ್ರೆ ಹಲ್ಲು ಕಚ್ಚುಸ್ತೀನಿ,” ಎಂದ ಶಫೀವುಲ್ಲಾ.

“ಮಾಡಿದ್ರೆ ನೀರು ನಿಲ್ಲುತ್ತಾ?” ಎಂದು ವೀಣ ಕೇಳಿದಳು.

“ನಿಲ್ತದೆ.”

“ಒಲೆ ಮೇಲೆ ಇಡಬಹುದಾ?”

ಅವನು ಸೀಳಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ತಾಮ್ರ ಹೂವಿನೆಸಳಿನಷ್ಟು ತೆಳುವಾಗಿತ್ತು. ಒಂದು ಚಳಿಗಾಲ ಬೆಂಕಿ ತಿಂದರೆ ಪಕ್ಕದಲ್ಲಿ ಇನ್ನೊಂದು ಕಡೆ ಬಿಡುತ್ತದೆ, ಅದಕ್ಕೆ ತೇಪೆ ಹಾಕಿದರೆ ಮತ್ತೊಂದು ಕಡೆ. ಅಂಗಡಿಗೆ ಇಂಥದ್ದು ಬಂದಿದ್ದರೆ ತಂದವಳನ್ನು ಬೈದು ಇಳಿಸಿಕೊಳ್ಳುತ್ತಿದ್ದನೇ, ಬೈದು ವಾಪಸ್ಸು ಕಳಿಸುತ್ತಿದ್ದನೇ ಎಂದು ಅವನಿಗೇ ಗೊತ್ತಾಗಲಿಲ್ಲ.

“ಇಡಬೈದು,” ಎಂದ.

ಸಂತೋಷನಿಗೆ ಸಹನೆ ಮುಗಿದಿತ್ತು. ಮಾಡ್ತೀರ ಸರಿ, ಅಷ್ಟೆಲ್ಲ ಮಾಡಿದ ಮೇಲೆ ಯಾರು ಇದನ್ನ ಮನೆಗೆ ಒಯ್ತಾರೆ, ಯಾರ ಮನೇಲಿ ಒಲೆ ಇದೆ ಈಗ ಎಂದು ಕೇಳಿದ.

“ಒಯ್ಯೋರು ಅವ್ರಾ ಅಂತ ಆಯಮ್ಮ ನನ್ನ ಕೇಳ್ನಿಲ್ಲ. ಆಯ್ತದಾ ಅಂತ ಕೇಳ್ತು.”

ವೀಣ ಗಡಿಯಾರ ನೋಡಿಕೊಂಡಳು. ಆಮೇಲೆ, ನನಗೆ ನಿಮ್ಮ ಮನೆ ಜಗಳ ಬೇಡ, ಸಂಜೆಯೊಳಗೆ ಸರಕು ನೋಡಿ ಬರೆದು ಹೋಗಬೇಕು ಅಂದಳು. ತುಂಡು ಮಾಡಿಸುವುದಾದರೆ ತುಂಡು ಮಾಡಿಸಿ, ನೋಡುತ್ತೇನೆ ಎಂದಳು. ಮುಕರ್ರಂ ಯಾರ್ಡಿನಲ್ಲಿ ಕಬ್ಬಿಣ ಕತ್ತರಿಸುವ ಅಂಕಯ್ಯನಿಗೆ ಸನ್ನೆ ಮಾಡಿದ. ಅಂಕಯ್ಯ ಕಟಿಂಗ್ ಮೆಷಿನ್ನು ತಂದು, ಚಪ್ಪಲಿ ಬಿಟ್ಟು, ಹಂಡೆಯನ್ನು ಒಂದು ಸಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಗುಂಡಿ ಒತ್ತಿದ. ಕಿಡಿ ಹಾರಿತು. ಬಾಯಿಂದ ತಳದವರೆಗೆ ಒಂದು ಸೀಳು, ಅಡ್ಡ ಇನ್ನೊಂದು. ನಾಲ್ಕು ತುಂಡು ನಾಲ್ಕು ಕಡೆಗೆ ಬಿದ್ದವು.

ಆ ಸದ್ದಿನ ನಡುವೆಯೇ ಸುರಯ್ಯಾ ಗಂಡನ ಹತ್ತಿರ ಬಂದು ನಿಂತಿದ್ದಳು. ಅವಳು ಬೇಡಲಿಲ್ಲ. ಇನ್ನು ನೀನು ಹೇಳಬೇಕಾದ್ದು ಏನೂ ಉಳಿದಿಲ್ಲ, ಸುಮ್ಮನೆ ನಿಂತಿರು, ಅವರೇ ನೋಡಿಕೊಂಡು ಬರೆದುಕೊಳ್ಳುತ್ತಾರೆ ಎಂದು ಮಾತ್ರ ಕಿವಿಯಲ್ಲಿ ಹೇಳಿದಳು. ಅದೂ ನಿಜವೇ ಆಗಿತ್ತು. ನಾಲ್ಕು ತುಂಡಾದ ಹಂಡೆಯನ್ನು ಹಂಡೆ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಮುಕರ್ರಂ ಕೂಡ ಈ ಸಲ ನಾಲಗೆ ಕಚ್ಚಿಕೊಂಡು ದೂರವೇ ನಿಂತಿದ್ದ.

ವೀಣ ಒಂದು ತುಂಡನ್ನು ಕಾಲಿನಿಂದ ಸರಿಸಿ ನೋಡಿದಳು. ಪೆನ್ನು ತೆಗೆದಳು. ಬರೆಯುವ ಮೊದಲು ನಿಯಮಕ್ಕೆಂಬಂತೆ ಕೇಳಿದಳು.

“ಇನ್ನು ಇದು ಯಾವ ಕೆಲಸಕ್ಕೂ ಬರಲ್ಲ ಅಂತ ಬರೀಲಾ?”

ಕೇಳಿದ್ದು ಸಂತೋಷನನ್ನೋ ಶಫೀವುಲ್ಲಾನನ್ನೋ ಸ್ಪಷ್ಟವಿರಲಿಲ್ಲ. ಸಂತೋಷ್ ಹೂಂ ಅನ್ನಲು ತಲೆ ಎತ್ತಿದ. ಶಫೀವುಲ್ಲಾ ಬಗ್ಗಿ ಒಂದು ತುಂಡನ್ನು ಎತ್ತಿ, ಬಿಸಿಲಿಗೆ ಹಿಡಿದು, ಅಂಗೈಯಿಂದ ತಟ್ಟಿದ. ಅದು ಇನ್ನೂ ಠಣ್ ಎಂದಿತು.

“ಮುಚ್ಚಳ ಆಯ್ತದೆ,” ಎಂದ. “ಅಂಚು ಮಡ್ಚಿ ಬಡುದ್ರೆ ನಾಲ್ಕು ತುಂಡಿಗೆ ನಾಲ್ಕು ಮುಚ್ಚಳ. ಗುಡಾಣಕ್ಕೆ ಮುಚ್ಚಬೈದು, ಕೊಪ್ಪರಿಗೆಗೆ ಮುಚ್ಚಬೈದು.”

ಅಂಕಯ್ಯ ಮೆಷಿನ್ನು ಕೆಳಗಿಟ್ಟ. ಮಾಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು, ನಗುವುದಕ್ಕೋ ಅಳುವುದಕ್ಕೋ ತಿಳಿಯಲಿಲ್ಲ.

“ನಿಮಗೆ ಇದರಿಂದ ಏನು ಸಿಗುತ್ತೆ?” ಎಂದಳು ವೀಣ. ಗದರಿಸುವ ದನಿಯಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎಂದೇ ಕೇಳಿದ್ದಳು.

“ಏನೂ ಸಿಗಕ್ಕಿಲ್ಲ ಕಣಮ್ಮ. ನೀನು ಕೇಳ್ದೆ.”

ಅವಳು ಪೆನ್ನಿನ ತುದಿಯನ್ನು ಹಣೆಗೆ ತಟ್ಟಿಕೊಂಡಳು. ಆಮೇಲೆ ಸಂತೋಷನ ಕಡೆ ತಿರುಗಿ ತೀರ್ಮಾನ ಹೇಳಿದಳು. ತಂತಿಯೆಲ್ಲ ಗುಜರಿಯ ನಂಬರಿನಲ್ಲಿ ಹೋಗಬಹುದು, ಅದಕ್ಕೆ ತನ್ನ ತಕರಾರಿಲ್ಲ. ಹಂಡೆಗಳು ಈ ಕಂಟೈನರಿಗೆ ಬೇಡ. ಕೆಲಸ ಬಲ್ಲವರು ಎಂದು ನೀವೇ ತೋರಿಸಿದ ಮನುಷ್ಯ ಮೂರು ಸಲ ಆಗುತ್ತೆ ಅಂದ ಮೇಲೆ ನಾನು ಆಗಲ್ಲ ಎಂದು ಬರೆಯುವುದಿಲ್ಲ. ಯಂತ್ರಕ್ಕೆ ಹಾಕಿ ಚೂರು ಮಾಡಿಸಿಕೊಂಡು ಇನ್ನೊಂದು ಸಲ ಅರ್ಜಿ ಹಾಕಿ. ಇಷ್ಟು ಹೇಳಿ ಕಾರಿನ ಕಡೆ ಹೋದಳು.

ಚೂರು ಮಾಡುವ ಯಂತ್ರ ಮುಕರ್ರಂನ ಹತ್ತಿರ ಇರಲಿಲ್ಲ. ಹಂಡೆ ಬಿಟ್ಟರೆ ಕೊರಿಯಾದವನಿಗೆ ಒಪ್ಪಿಕೊಂಡ ತೂಕ ತುಂಬುವುದಿಲ್ಲ. ಶುಕ್ರವಾರದ ಹಡಗಿಗೆ ಇನ್ನು ಏನು ಮಾಡಿದರೂ ಆಗುವುದಿಲ್ಲ. ಅಷ್ಟೂ ಅವನ ಮುಖದ ಮೇಲೆ ಒಂದೊಂದಾಗಿ ಬಂದು ಹೋಯಿತು. ಅವನು ಕೂಗಾಡಲಿಲ್ಲ. ಭಾವನ ಎದುರಿಗೆ ಬಂದು ನಿಂತು, ಬೆಳಗ್ಗೆಯಿಂದ ನೀನು ನೀನು ಅಂತಿದ್ದವನು ಮರ್ಯಾದೆಯ ಮಾತಿಗೆ ಹೊರಳಿದ.

“ನಾಳೆಯಿಂದ ನೀವು ಬರೋದು ಬೇಡ ಭಾವ.”

“ನಾಳೆ ಯಾಕ್ಲಾ? ಇವತ್ತೇ ಬರಬಾರ್ದಾಗಿತ್ತು.”

“ಆ ಶೆಡ್ಡು ನಿಮಗೇ ಅಂತ ಮಾಡ್ಸಿದ್ದು.”

“ಚೆನ್ನಾಗೈತೆ. ಕುರಿ ಕಟ್ಟು.”

ಹೇಳಿದ ಮೇಲೆ ಅದು ಬೇಡವಾಗಿತ್ತು ಎಂದು ಅವನಿಗೂ ಅನ್ನಿಸಿತು. ಮುಕರ್ರಂ ಆ ಶೆಡ್ಡಿನ ಮೇಲೆ ನಿಂತು ತಾನೇ ಶೀಟಿಗೆ ಮೊಳೆ ಹೊಡೆದಿದ್ದ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಅವನಿಗೆ ಅಭ್ಯಾಸವಿರಲಿಲ್ಲ. ಕೊಡತಿ, ಉಳಿ ಚೀಲಕ್ಕೆ ತುಂಬಿ ಹೆಗಲಿಗೆ ಹಾಕಿಕೊಂಡ.

ಸುರಯ್ಯಾ ದಾರಿಗೆ ಅಡ್ಡ ನಿಂತಿರಲಿಲ್ಲ, ಆದರೆ ದಾರಿ ಅವಳ ಪಕ್ಕದಲ್ಲೇ ಹೋಗುತ್ತಿತ್ತು.

“ಒಂದೇ ಒಂದು ಮಾತಾಗಿತ್ತು,” ಎಂದಳು.

“ಹೇಳ್ತಿದ್ದೆ. ನಿನ್ನ ತಮ್ಮ ಬಾಯಿ ಮುಚ್ಕೊಂಡಿದ್ದಿದ್ರೆ ಹೇಳ್ತಿದ್ದೆ.”

“ಮೂರನೇ ಸಲ ಅವನು ಮುಚ್ಕೊಂಡಿದ್ದ.”

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ಅವಳು ಆಟೋದವನಿಗೆ ಕಾಯಲು ಹೇಳಿದ್ದಳು. ನನ್ನ ಜೊತೆ ಬಾ, ಬಿಸಿಲು ಅಂದಳು. ಅವನು ಬೇಡ ಅಂದ. ತಮ್ಮನನ್ನು ಹೀಗೆ ಬಿಟ್ಟು ನಾನು ಈಗಲೇ ಬರಲು ಆಗುವುದಿಲ್ಲ ಅಂದಳು. ಇರು, ನಾನೇನು ಬಾ ಅಂದೆನಾ ಅಂದ.

ಗೇಟಿನ ಹತ್ತಿರ ವೀಣಳ ಕಾರು ಹೊರಡಲು ಹಿಂದೆ ಮುಂದೆ ಮಾಡುತ್ತಿತ್ತು. ಮದ್ದೂರಿಗೆ ಬಿಡಲೇ ಎಂದು ಅವಳು ಕಿಟಕಿ ಇಳಿಸಿ ಕೇಳಿದಳು. ನಿಮ್ಮ ಕೆಲಸ ಆಯ್ತಲ್ಲ, ಓಗಿ ಎಂದ. ಕಾರು ಧೂಳೆಬ್ಬಿಸಿಕೊಂಡು ಬೆಂಗಳೂರಿನ ಕಡೆ ತಿರುಗಿತು. ಅವನು ಸರ್ವಿಸ್ ರಸ್ತೆ ಹಿಡಿದು ಮದ್ದೂರಿನ ಕಡೆ ನಡೆದ. ಹಿಂದೆ ಕಟಿಂಗ್ ಮೆಷಿನ್ನಿನ ಸದ್ದು ಮತ್ತೆ ಶುರುವಾಯಿತು. ಇನ್ನೊಂದು ಅರ್ಜಿಗೋ ಸಿಟ್ಟಿಗೋ, ಒಂದು ಹಂಡೆ, ಇನ್ನೊಂದು ಹಂಡೆ. ಸದ್ದು ನಿಂತಾಗಲೆಲ್ಲ ಅವನ ನಡಿಗೆ ತಡವರಿಸುತ್ತಿತ್ತು, ಮತ್ತೆ ಶುರುವಾದಾಗ ಜೋರಾಗುತ್ತಿತ್ತು. ಮಾಯಮ್ಮ ಗೇಟಿನವರೆಗೆ ಓಡಿ ಬಂದು ಸಾಬ್ರೇ ಸಾಬ್ರೇ ಎಂದು ಕೂಗಿದಳು. ಮುಕರ್ರಂ ಕಳಿಸಿದನೋ, ಅವಳಾಗಿ ಬಂದಳೋ. ಅವನು ಕೈಯನ್ನೂ ಎತ್ತಲಿಲ್ಲ. ಬಸ್ಸೊಂದು ಪಕ್ಕಕ್ಕೆ ಬಂದು ನಿಧಾನ ಮಾಡಿತು. ಕಂಡಕ್ಟರು ಬಾಗಿಲಲ್ಲಿ ನಿಂತು ಹತ್ತು ಹತ್ತು ಎಂದ. ಹತ್ತಕ್ಕಿಲ್ಲ ಓಗಯ್ಯ ಎಂದು ಅವನನ್ನೂ ಬೈದು ಮುಂದೆ ನಡೆದ.

ಆ ವರ್ಷ ಬಕ್ರೀದಿಗೆ ತಮ್ಮನ ಮನೆಗೆ ಸುರಯ್ಯಾ ಒಬ್ಬಳೇ ಹೋಗಿ ಬಂದಳು.